ಎದೆ ಸಾಕು, ಬೆನ್ನಿಗೆ ಬನ್ನಿ

ವೀಲ್‌ಚೇರ್ ಆಟಗಾರರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ: ಭುಜ ನೋವು. ಹೋದ ಸಲವೂ ಅದೇ ಇತ್ತು. ಹಾಗಾಗಿ ಇವತ್ತು ಅದಕ್ಕೇ ಜಾಗ ಜಾಸ್ತಿ.

ಪ್ರಶ್ನೆ: ಸರ್, ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡ್ತೀನಿ. ಭುಜದ ಮುಂದೆ ನೋವು. ಭುಜ ಗಟ್ಟಿಯಾಗಲಿ ಅಂತ ಬೆಂಚ್ ಪ್ರೆಸ್‌ನಲ್ಲಿ (ಮಲಗಿಕೊಂಡು ಎದೆ ಮೇಲಿಂದ ತೂಕ ತಳ್ಳೋದು) ತೂಕ ಏರಿಸಲಾ? (ದಾವಣಗೆರೆ)

ಬೇಡ ತಮ್ಮಾ. ಬೆಳಗ್ಗಿಂದ ರಾತ್ರಿವರೆಗೆ ಚಕ್ರ ತಳ್ಳುವುದೇ ಎದೆಗೂ ಭುಜದ ಮುಂಭಾಗಕ್ಕೂ ದುಡಿಮೆ. ಜಿಮ್‌ಗೆ ಹೋಗಿ ಮತ್ತೆ ಅದನ್ನೇ ದುಡಿಸಿದರೆ ಮುಂದಿನ ಸ್ನಾಯು ಬಿಗಿಯುತ್ತದೆ, ಬೆನ್ನಿನದು ಸೋಲುತ್ತದೆ, ಭುಜ ಮುಂದಕ್ಕೆ ಬಾಗುತ್ತದೆ. ನನ್ನ ಹತ್ತಿರ ಬಂದ ಹುಡುಗನೊಬ್ಬ ಬೆಂಚ್‌ನಲ್ಲಿ 60 ಕೆಜಿ ಎತ್ತುತ್ತಿದ್ದ. ತಲೆ ಬಾಚೋಕೆ ಮಾತ್ರ ಅವ್ವ ಬೇಕಿತ್ತು.

ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬ್ ಕೇಳಿ ತನ್ನಿ. ಕಿಟಕಿ ಸರಳಿಗೆ ಎದೆ ಮಟ್ಟಕ್ಕೆ ಸುತ್ತಿ. ಕಿಟಕಿಗೆ ಮುಖ ಮಾಡಿ, ಬ್ರೇಕ್ ಹಾಕಿ, ಎರಡೂ ತುದಿ ಹಿಡಿದು ಎಳೆಯಿರಿ. ಮೊಣಕೈ ಪಕ್ಕೆ ಸವರಿಕೊಂಡೇ ಹಿಂದಕ್ಕೆ ಹೋಗಬೇಕು. ಬೆನ್ನಿನ ಎರಡು ರೆಕ್ಕೆ ಮೂಳೆ ನಡುವೆ ಒಂದು ಅಡಿಕೆ ಇದೆ, ಅದು ಬೀಳಬಾರದು ಅಂದುಕೊಳ್ಳಿ. (ಚನ್ನಗಿರಿಯವರಿಗೆ ಇದು ಬೇಗ ತಿಳಿಯುತ್ತದೆ.) ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. 12 ಸಲ, 3 ಸುತ್ತು, ವಾರಕ್ಕೆ 2 ದಿನ. ಆಮೇಲೆ ಕಿಟಕಿಗೆ ಪಕ್ಕ ಕೊಟ್ಟು ಕೂತು, ಕಿಟಕಿಯಿಂದ ದೂರದ ಕೈಯಲ್ಲಿ ಟ್ಯೂಬ್ ಹಿಡಿದು, ಆ ಮೊಣಕೈಗೂ ಪಕ್ಕೆಗೂ ನಡುವೆ ಮಡಚಿದ ಟವೆಲ್ ಒತ್ತಿಕೊಂಡು, ಮುಂಗೈ ಮಾತ್ರ ಹೊರಕ್ಕೆ ತಿರುಗಿಸಿ. ಇದಕ್ಕೆ ಟ್ಯೂಬ್ ಸಡಿಲ ಇರಲಿ. ಬಲ ತೋರಿಸೋ ಜಾಗ ಇದಲ್ಲ.

ಚಕ್ರವನ್ನೂ ಪಟಪಟ ಬಡಿಯಬೇಡಿ. ಉದ್ದಕ್ಕೆ ತಳ್ಳಿ, ಕೈ ಕೆಳಗೆ ಇಳಿಬಿಟ್ಟು ಮತ್ತೆ ತನ್ನಿ. ನೋವು ಇಳಿಯುವ ತನಕ ತಲೆ ಮೇಲೆ ತೂಕ ಎತ್ತುವುದು ಬಂದ್. ನಾನು ಪುಕ್ಕಲ ಅಂತ ಕೋಚ್‌ಗಳು ನಗುತ್ತಾರೆ. ನಗಲಿ ಬಿಡಿ. ನಡೆದಾಡುವವರು ಭುಜ ನೋವು ಬಂದರೆ ಕೈಗೆ ರಜೆ ಕೊಡಬಹುದು. ನಿಮಗೆ ಕೈಯೇ ಕಾಲು, ರಜೆ ಎಲ್ಲಿಂದ ಬರಬೇಕು?

ಪ್ರಶ್ನೆ: ಎಣ್ಣೆ ಹಚ್ಚಿ, ಭುಜ ಜಗ್ಗಿ ಕೂರಿಸುವವರೊಬ್ಬರು ಇದ್ದಾರೆ. ಹೋಗಲಾ? (ಚಿತ್ರದುರ್ಗ)

ಜಾರದೇ ಇರುವ ಭುಜವನ್ನು ಕೂರಿಸುವುದು ಎಲ್ಲಿಗೆ? ಅವರು ಜಗ್ಗಿದ್ದನ್ನು ಸರಿ ಮಾಡಿಸೋಕೆ ಆಮೇಲೆ ಆರು ತಿಂಗಳು ನನ್ನ ಹತ್ತಿರ ಓಡಾಡ್ತೀರಿ.

ಪ್ರಶ್ನೆ: ಯಾವ ಪ್ರೋಟೀನ್ ಪುಡಿ ಒಳ್ಳೇದು? (ಹರಿಹರ)

ಮೊದಲು ಮೊಟ್ಟೆ, ಹೆಸರುಕಾಳು, ಮೊಸರು ಹೊಟ್ಟೆಗೆ ಬೀಳಲಿ. ಮಂಡಕ್ಕಿ-ಮಿರ್ಚಿ ಲೆಕ್ಕಕ್ಕಿಲ್ಲ.

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾದವರು ಮೂತ್ರ ಕಟ್ಟಿಕೊಂಡು ಆಡಿದರೆ ಜೋರು ಬರುತ್ತೆ ಅಂತಾರೆ. ನಿಜವಾ? (ದಾವಣಗೆರೆ)

ಇದನ್ನು ಹೇಳಿಕೊಟ್ಟವರ ಸಹವಾಸ ಬಿಡಿ. ಬೆನ್ನುಮೂಳೆಯಲ್ಲಿ ಎದೆಭಾಗದ 6ನೇ ಮಣಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಹೀಗೆ ಮಾಡಿದರೆ ಬಿಪಿ ಒಮ್ಮೆಲೇ ಏರುತ್ತದೆ, ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಇದನ್ನು ನಿಷೇಧಿಸಿದೆ. ಬೇಕಂತ ಮಾಡದೆಯೂ ಆಡುವಾಗ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ನಿಲ್ಲಿಸಿ. ನೆಟ್ಟಗೆ ಕೂತು ಬೆಲ್ಟ್ ಸಡಿಲಿಸಿ, ಮೂತ್ರಕ್ಕೆ ಹಾಕಿದ ನಳಿಕೆ (ಕ್ಯಾಥೆಟರ್) ಮಡಚಿಕೊಂಡಿದೆಯಾ ನೋಡಿ. ಆದರೂ ಇಳಿಯದಿದ್ದರೆ ಆಸ್ಪತ್ರೆಗೆ. ಪಂದ್ಯ ಮುಗಿಯಲಿ ಅಂತ ಕಾಯಬೇಡಿ.