ಮಾರಿಷಸ್ ವಿಳಾಸದ ದುಡ್ಡು: ದಾವಣಗೆರೆಯ ಓದುಗರಿಗೆ ಉತ್ತರ

ಆತ್ಮೀಯರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ಕ್ಷಮಿಸಿ. ಓದಿಕೊಳ್ಳಬೇಕಾದದ್ದು ಜಾಸ್ತಿ ಇತ್ತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ನಿಮ್ಮ ಮಗ ಬೆಂಗಳೂರಿನಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತಾನೆ. ಅದಕ್ಕೆ ಹಣ ಹಾಕಲು ಬಂದವರ ಕಂಪನಿಯ ವಿಳಾಸ ಮಾರಿಷಸ್‌ನ ಎಬೆನ್. ಅದೇ ವಿಳಾಸದಲ್ಲಿ ಇನ್ನೂ ನೂರಾರು ಕಂಪನಿಗಳಿವೆ ಎಂದು ನೀವೇ ಹುಡುಕಿ ನೋಡಿದ್ದೀರಿ. 'ಕಾನೂನೇ ಇಲ್ಲದ ದ್ವೀಪದ ದುಡ್ಡು ಮನೆಗೆ ತರಬೇಕಾ?' ಎಂಬುದು ನಿಮ್ಮ ಪ್ರಶ್ನೆ. ಜೊತೆಗೆ, ಕಳೆದ ಸಂಚಿಕೆಯಲ್ಲಿ ನಾವು ಮಾರಿಷಸ್ಸನ್ನು 'ತೆರಿಗೆಯಿಲ್ಲದ ನಾಡು' ಎಂದು ಬರೆದು ಕೈತೊಳೆದುಕೊಂಡೆವು ಎಂಬ ಆಕ್ಷೇಪ.

ಮೊದಲು ಆಕ್ಷೇಪ. ಒಪ್ಪಿದೆ, ತಪ್ಪು ನಮ್ಮದೇ. ಮಾರಿಷಸ್‌ನಲ್ಲಿ ಕಂಪನಿ ತೆರಿಗೆ ಶೇ. 15 ಇದೆ. ಅಲ್ಲಿ ಇಲ್ಲದ್ದು ಷೇರು ಮಾರಿದ ಲಾಭದ ಮೇಲಿನ ತೆರಿಗೆ. ಹೊರದೇಶದ ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭ), ಬಡ್ಡಿಯಂಥ ಕೆಲವು ಆದಾಯಕ್ಕೆ ಷರತ್ತಿನ ಮೇಲೆ ಶೇ. 80 ವಿನಾಯಿತಿ ಸಿಗುವುದರಿಂದ ಕೊನೆಗೆ ಕಟ್ಟುವುದು ಶೇ. 3 ಅಷ್ಟೇ. 'ಇಲ್ಲ' ಅನ್ನುವುದಕ್ಕೂ 'ತೀರಾ ಕಡಿಮೆ' ಅನ್ನುವುದಕ್ಕೂ ವ್ಯತ್ಯಾಸವಿದೆ. ತಲೆಬರಹದ ಆಸೆಗೆ ಅದನ್ನು ನುಂಗಿಬಿಟ್ಟೆವು.

ಆದರೆ 'ಕಾನೂನೇ ಇಲ್ಲ' ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಆ ದ್ವೀಪ ಒಂದು ಕಾಲದಲ್ಲಿ ಸಕ್ಕರೆ ಮಾರಿ ಬದುಕುತ್ತಿತ್ತು. ಈಗ ಅದು ಮಾರುವ ಸರಕುಗಳಲ್ಲಿ ಕಾನೂನೂ ಒಂದು. ಅಂಗಡಿಯವನು ತಾನು ಮಾರುವ ಸರಕನ್ನು ಹಾಳುಮಾಡಿಕೊಳ್ಳುತ್ತಾನಾ?

ಅಲ್ಲಿನ ಕಾನೂನಿನ ಕಥೆ ಸ್ವಾರಸ್ಯವಾಗಿದೆ. 1810ರಲ್ಲಿ ಬ್ರಿಟಿಷರು ಫ್ರೆಂಚರಿಂದ ದ್ವೀಪ ಕಿತ್ತುಕೊಂಡರು. ಜನರ ಹಳೆಯ ಕಾನೂನು ಹಾಗೇ ಇರಲಿ ಎಂದು ಶರಣಾಗತಿಯ ಷರತ್ತಿನಲ್ಲೇ ಒಪ್ಪಿಕೊಂಡರು. ಹಾಗಾಗಿ ಇವತ್ತಿಗೂ ಆಸ್ತಿ, ಒಪ್ಪಂದದ ವಿಷಯಕ್ಕೆ ನೆಪೋಲಿಯನ್ ಕಾಲದ ಫ್ರೆಂಚ್ ಸಂಹಿತೆ. ಕಂಪನಿ ವಿಷಯಕ್ಕೆ ಇಂಗ್ಲಿಷರ ದಾರಿ. ಈಗಿನ ಕಂಪನಿ ಕಾಯ್ದೆ 2001ರದು, ಅದಕ್ಕೆ ಮಾದರಿ ನ್ಯೂಜಿಲೆಂಡ್‌ನ 1993ರ ಕಾಯ್ದೆ. 1968ರಲ್ಲಿ ಸ್ವಾತಂತ್ರ್ಯ ಬಂದರೂ ಕೊನೆಯ ಮೇಲ್ಮನವಿ ಈಗಲೂ ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ಬ್ರಿಟಿಷ್ ನ್ಯಾಯಪೀಠಕ್ಕೇ ಹೋಗುತ್ತದೆ. ನಮಗೆ ಇದು ಗುಲಾಮಗಿರಿಯ ಉಳಿಕೆ ಅನ್ನಿಸಬಹುದು. ಹಣ ಹಾಕುವವನಿಗೆ ಮಾತ್ರ ಧೈರ್ಯ ಬರುವುದೇ ಅದರಿಂದ.

ಕಾಯ್ದೆಯೊಳಗೆ ನನಗೆ ಇಷ್ಟವಾದ ಅಂಶ ಡಿವಿಡೆಂಡ್‌ನದು. ಹಂಚುವ ಮೊದಲು ಡೈರೆಕ್ಟರುಗಳು ಎರಡು ಲೆಕ್ಕ ನೋಡಬೇಕು. ಹಂಚಿದ ಮೇಲೂ ಸಾಲಗಳನ್ನು ಹೊತ್ತಿಗೆ ಸರಿಯಾಗಿ ತೀರಿಸಲು ಆಗುತ್ತದಾ? ಕಂಪನಿಯ ಆಸ್ತಿ ಅದರ ಸಾಲ ಮತ್ತು ಮೂಲ ಬಂಡವಾಳ ಎರಡನ್ನೂ ಸೇರಿಸಿದ್ದಕ್ಕಿಂತ ಜಾಸ್ತಿ ಉಳಿಯುತ್ತದಾ? ಇದನ್ನು ನೋಡದೆ ಹಂಚಿದರೆ ಆ ಹಣ ಡೈರೆಕ್ಟರ್ ತಲೆಗೇ ಬರಬಹುದು. ನಮ್ಮ ಅಜ್ಜಿಯಂದಿರು ಕಣಜ ನೋಡಿ ದಾನ ಮಾಡುತ್ತಿದ್ದ ಹಾಗೆ.

ಇನ್ನು ನೀವು ಕಂಡ ಆ ಒಂದೇ ವಿಳಾಸ. ಎಬೆನ್ ಎಂದರೆ ರಾಜಧಾನಿ ಪೋರ್ಟ್ ಲೂಯಿಯಿಂದ ಸ್ವಲ್ಪ ದೂರದ ಸೈಬರ್‌ಸಿಟಿ. (ಅಲ್ಲಿನ ಸೈಬರ್ ಟವರ್‌ಗೆ ಭಾರತದ್ದೇ ನೆರವಿತ್ತು!) ಹೊರದೇಶದವರು ಅಲ್ಲಿ ಗ್ಲೋಬಲ್ ಬಿಸಿನೆಸ್ ಲೈಸೆನ್ಸ್ (ದ್ವೀಪದ ಹೊರಗೆ ವ್ಯವಹಾರ ಮಾಡುವ ಕಂಪನಿಗೆ ಕೊಡುವ ಪರವಾನಗಿ) ತೆಗೆದುಕೊಳ್ಳಬೇಕಾದರೆ, ಇಂಥ ಕಂಪನಿಗಳ ಆಡಳಿತ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಯೊಂದರ ಮೂಲಕವೇ ಹೋಗಬೇಕು. ಅದರ ವಿಳಾಸವೇ ಇವರೆಲ್ಲರ ವಿಳಾಸ. ಅಲ್ಲೇ ವಾಸವಿರುವ ಇಬ್ಬರು ಡೈರೆಕ್ಟರುಗಳು ಬೇಕು. ಮುಖ್ಯ ಬ್ಯಾಂಕ್ ಖಾತೆ ಅಲ್ಲಿರಬೇಕು. ಲೆಕ್ಕಪತ್ರ ಅಲ್ಲೇ ಇಟ್ಟು ಆಡಿಟ್ ಮಾಡಿಸಬೇಕು. ಹಾಗಾಗಿ ಒಂದೇ ಬಾಗಿಲಿಗೆ ನೂರು ಹೆಸರು ಕಂಡರೆ ಅಷ್ಟಕ್ಕೇ ಮೋಸ ಅನ್ನಲಾಗದು.

ಹುಳುಕು ಇರುವುದು ಬೇರೆ ಕಡೆ. ಆ ಇಬ್ಬರು ಡೈರೆಕ್ಟರುಗಳನ್ನು ಸಾಮಾನ್ಯವಾಗಿ ಒದಗಿಸುವುದೂ ಅದೇ ಮ್ಯಾನೇಜ್‌ಮೆಂಟ್ ಕಂಪನಿ. ಅವರು ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕು ಅನ್ನುತ್ತದೆ ಕಾಯ್ದೆ. ಒಬ್ಬರೇ ಹತ್ತಾರು ಬೋರ್ಡುಗಳಲ್ಲಿ ಕೂತರೆ ಸ್ವಂತ ಬುದ್ಧಿಗೆ ಪುರುಸೊತ್ತು ಎಲ್ಲಿ? ತೀರ್ಮಾನ ನ್ಯೂಯಾರ್ಕಿನಲ್ಲಿ, ಸಹಿ ಎಬೆನ್‌ನಲ್ಲಿ ಅನ್ನುವ ಅನುಮಾನ ಹುಟ್ಟುವುದೇ ಇಲ್ಲಿ.

ತೆರಿಗೆಯ ವಿಷಯಕ್ಕೆ ಬಂದರೆ, ದ್ವೀಪದವರನ್ನು ಬೈಯುವ ಮೊದಲು ನಮ್ಮ ಕಡೆಯೇ ನೋಡಿಕೊಳ್ಳಬೇಕು. ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳಬಾರದು ಎಂದು 1982ರಲ್ಲಿ ಭಾರತವೇ ಮಾರಿಷಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಭಾರತದ ಕಂಪನಿಯ ಷೇರು ಮಾರಿ ಬಂದ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಮಾರಿಷಸ್‌ಗೆ ಹೋಯಿತು. ಅವರಲ್ಲಿ ಆ ತೆರಿಗೆಯೇ ಇಲ್ಲ. ಎರಡು ಸಲ ಬೀಳಬಾರದು ಎಂದು ಹೊರಟಿದ್ದು ಒಂದು ಸಲವೂ ಬೀಳದ ಹಾಗಾಯಿತು! 1991ರ ನಂತರ ನಮ್ಮ ಮಾರುಕಟ್ಟೆ ತೆರೆದಾಗ ಜಗತ್ತಿನ ಹಣವೆಲ್ಲ ಈ ಬಾಗಿಲಿಗೇ ಮುಗಿಬಿತ್ತು. ಹಲವು ವರ್ಷ ವಿದೇಶಿ ನೇರ ಹೂಡಿಕೆಯಲ್ಲಿ ಈ ಪುಟ್ಟ ದ್ವೀಪಕ್ಕೇ ಮೊದಲ ಸ್ಥಾನ. ಅಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ (ತೆರಿಗೆಯ ಲೆಕ್ಕಕ್ಕೆ ಕಂಪನಿ ಅಲ್ಲಿನದೇ ಎನ್ನುವ ಪತ್ರ) ಇದ್ದರೆ ಒಪ್ಪಂದದ ಲಾಭ ಪಡೆಯಲು ಸಾಕು ಎಂದು 2000ದಲ್ಲಿ ನಮ್ಮ ನೇರ ತೆರಿಗೆ ಮಂಡಳಿಯೇ ಸುತ್ತೋಲೆ ಹೊರಡಿಸಿತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಬಾಗಿಲು ಮುಚ್ಚಿದ್ದು 2016ರ ಮೇ ತಿಂಗಳ ತಿದ್ದುಪಡಿ. 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಭಾರತಕ್ಕೆ ಮರಳಿತು. ಅದರ ಮೊದಲ ಎರಡು ವರ್ಷ ಅರ್ಧ ದರದ ರಿಯಾಯಿತಿ ಇತ್ತು. ಹಿಂದಿನ 12 ತಿಂಗಳಲ್ಲಿ ಮಾರಿಷಸ್‌ನಲ್ಲಿ 27 ಲಕ್ಷ ರೂಪಾಯಿಯಷ್ಟೂ ಖರ್ಚು ಮಾಡದ ಕಂಪನಿಗೆ ಅದೂ ಇಲ್ಲ.

ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಥೆಯನ್ನು ನಿಮ್ಮ ಮಗ ಖಂಡಿತ ಕೇಳಿರುತ್ತಾನೆ. ಅದರ ಮೇಲಿನ ಕಂಪನಿ ಇದ್ದದ್ದು ಇನ್ನೊಂದು ದ್ವೀಪ ಸಿಂಗಾಪುರದಲ್ಲಿ. ಅದರ ಷೇರು ಹಿಡಿದಿದ್ದವರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ ಟೈಗರ್ ಗ್ಲೋಬಲ್‌ನ ಮೂರು ಮಾರಿಷಸ್ ಕಂಪನಿಗಳಿದ್ದವು. 2018ರಲ್ಲಿ ಫ್ಲಿಪ್‌ಕಾರ್ಟ್ ಕೊಳ್ಳಲು ವಾಲ್‌ಮಾರ್ಟ್ ಬಂದಾಗ ಅವು ಷೇರು ಮಾರಿದವು. 2017ಕ್ಕೆ ಮೊದಲು ಕೊಂಡದ್ದು, ತೆರಿಗೆ ಇಲ್ಲ ಎಂದು ವಾದಿಸಿದವು. ಎರಡೂವರೆ ಲಕ್ಷ ಡಾಲರ್ ಮೀರಿದ ವ್ಯವಹಾರಕ್ಕೆ ಬೋರ್ಡಿನಲ್ಲೇ ಇಲ್ಲದ ಅಮೆರಿಕದವರೊಬ್ಬರ ಸಹಿ ಬೇಕಿತ್ತು ಎಂಬುದನ್ನು 2020ರಲ್ಲಿ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ (ತೆರಿಗೆ ಬೀಳುತ್ತದೋ ಇಲ್ಲವೋ ಎಂದು ಮುಂಚಿತವಾಗಿ ತೀರ್ಮಾನ ಹೇಳುವ ಸಂಸ್ಥೆ) ಎತ್ತಿ ತೋರಿಸಿತು. 2024ರಲ್ಲಿ ದೆಹಲಿ ಹೈಕೋರ್ಟ್ ಕಂಪನಿಗಳ ಪರ ನಿಂತಿತು. 2026ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಪ್ರಮಾಣಪತ್ರವೊಂದೇ ಸಾಲದು, ಹಿಂದೆ ನಿಜವಾದ ವ್ಯವಹಾರ ಇರಬೇಕು ಎಂಬುದು ತೀರ್ಪಿನ ತಿರುಳು. ಫಲ ಸರಿ ಅನ್ನಿಸುತ್ತದೆ ನನಗೆ. ಆದರೆ 'ಪತ್ರ ಸಾಕು' ಎಂದು ನಾವೇ ಬರೆದುಕೊಟ್ಟು, ಆಮೇಲೆ ಸಾಲದು ಅಂದರೆ ಎದುರಿನವರು ಏನೆಂದುಕೊಳ್ಳಬೇಕು? ಈ ಮುಜುಗರ ನನಗಿದ್ದೇ ಇದೆ.

ಈಗ ನಿಮ್ಮ ಮಗನ ವಿಷಯ. ಅವನ ಕಂಪನಿ ಭಾರತದ್ದು. ಅದರೊಳಗಿನ ಹಕ್ಕುಬಾಧ್ಯತೆಗೆ ನಮ್ಮ 2013ರ ಕಂಪನಿ ಕಾಯ್ದೆಯೇ. ಮಾರಿಷಸ್ ಕಾನೂನು ಬೇಕಾಗುವುದು ಎದುರಿನ ಕಂಪನಿಯ ಪರವಾಗಿ ಯಾರು ಸಹಿ ಮಾಡಬಹುದು ಎಂಬಂಥದ್ದಕ್ಕೆ. ಆದ್ದರಿಂದ ಅವರ ಲೈಸೆನ್ಸ್, ಬೋರ್ಡ್ ತೀರ್ಮಾನ, ತೆರಿಗೆ ನಿವಾಸಿ ಪ್ರಮಾಣಪತ್ರ ಮೂರರ ಪ್ರತಿ ಕೇಳಲಿ. ಹಣದ ನಿಜವಾದ ಒಡೆಯರು ಯಾರೆಂದು ಬರವಣಿಗೆಯಲ್ಲಿ ಕೇಳಲಿ. ಸುಮ್ನೆ ಕುತೂಹಲಕ್ಕಲ್ಲ: ಚೀನಾದಂಥ ಗಡಿ ದೇಶದವರ ಹಣವಾದರೆ ಸರ್ಕಾರದ ಅನುಮತಿ ಬೇಕೆಂಬ ನಿಯಮ 2020ರಲ್ಲಿ ಬಂದಿದೆ. ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವರದಿ ಹೋಗಬೇಕು. ಇದನ್ನು ಮರೆತು ದಂಡ ಕಟ್ಟುವ ಹುಡುಗರೇ ಜಾಸ್ತಿ, ಸಿಎ ಹತ್ತಿರ ಮೊದಲೇ ಹೇಳಿಡಲಿ.

ಇಷ್ಟು ಸರಿಯಾಗಿ ಸಿಕ್ಕರೆ ಎಬೆನ್ ವಿಳಾಸದ ಬಗ್ಗೆ ನಿದ್ದೆಗೆಡಬೇಡಿ. ನೀವು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಬಿಟ್ಟಿದ್ದೀರಲ್ಲ, ಅವರು ಮಾರಲು ಹೊರಟ ದಿನ ಮಗನೂ ತನ್ನ ಷೇರು ಮಾರಲೇಬೇಕು ಎಂಬ ಷರತ್ತು? ನನಗೆ ಚಿಂತೆ ಆಗಿದ್ದು ಅದನ್ನು ಓದಿ. ವಕೀಲರಿಗೆ ಮೊದಲು ಆ ಪುಟ ತೋರಿಸಿ.

ನಿಮ್ಮ,
ಸಂಪಾದಕ