ಮುತ್ತುಲಕ್ಷ್ಮಿ ರೆಡ್ಡಿ ನಮಗೆ ಏನಾಗಬೇಕು?

ಸಿರುಗುಪ್ಪದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: 'ಹೋದ ಸಂಚಿಕೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರಿಗೆ ಎರಡು ಪುಟ ಕೊಟ್ಟು, ದೇಶದ ಮೊದಲ ಡಾಕ್ಟರಮ್ಮ ಅಂತ ಹಾಕಿದ್ದೀರಿ. ಅದು ಸರಿಯೇ? ಮೇಲಾಗಿ ಅವರು ತಮಿಳುನಾಡಿನವರು. ಬಳ್ಳಾರಿ ಕಡೆಯ ನಮಗೆ ಅವರು ಏನಾಗಬೇಕು?'

ಗುರುಗಳೇ, ಮೊದಲ ಮಾತು ನಿಮ್ಮದೇ ಸರಿ. ಆ ತಲೆಬರಹ ತಪ್ಪು. ಆನಂದಿಬಾಯಿ ಜೋಶಿ ಅಮೆರಿಕದಲ್ಲಿ, ಕಾದಂಬಿನಿ ಗಂಗೂಲಿ ಕಲ್ಕತ್ತೆಯಲ್ಲಿ ಡಾಕ್ಟರಾಗಿದ್ದು 1886ರಲ್ಲಿ. ಮುತ್ತುಲಕ್ಷ್ಮಿ ಹುಟ್ಟಿದ್ದೇ ಆ ವರ್ಷ, ಪುದುಕೋಟೈಯಲ್ಲಿ. ಅಲ್ಲಿನ ಗಂಡುಹುಡುಗರ ಕಾಲೇಜಿಗೆ ಮಹಾರಾಜರ ಒಪ್ಪಿಗೆಯಿಂದ ಸೇರಿದರು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು.

ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

ನೀವು ಶಾಲೆಯ ಅಡ್ಮಿಷನ್ ರಿಜಿಸ್ಟರ್ ಬರೆದವರು. 'ತಂದೆಯ ಹೆಸರು' ಅನ್ನೋ ಕಾಲಂ ಬಂದಾಗ ತಲೆ ತಗ್ಗಿಸಿ ನಿಂತ ತಾಯಂದಿರನ್ನು ನೋಡಿರುತ್ತೀರಿ, ಅಲ್ವಾ? ನಮ್ಮ ಓಣಿಯಲ್ಲೂ ಒಬ್ಬ ಅಜ್ಜಿ ಇದ್ದರು. ಗಂಡುಮಕ್ಕಳಿಲ್ಲದ ಮನೆ. ವಂಶ ನಿಲ್ಲಬೇಕು ಅಂತ ಚಿಕ್ಕ ವಯಸ್ಸಲ್ಲೇ ಅವರನ್ನು ಬಸವಿ ಬಿಟ್ಟಿದ್ದರು, ಅಂದರೆ ಮದುವೆ ಮಾಡದೆ ದೇವರ ಹೆಸರಿಗೆ ಬಿಟ್ಟಿದ್ದರು. ಅಪ್ಪನ ಹೊಲದಲ್ಲಿ ಮಗನ ಹಾಗೆ ದುಡಿದರು. ಅಪ್ಪ ಅವ್ವನನ್ನು ಮಣ್ಣು ಮಾಡಿದವರೂ ಅವರೇ. ಕೊರಳಲ್ಲಿ, ದೇವರಿಗೆ ಬಿಟ್ಟ ಗುರುತಾಗಿ, ಕೆಂಪು ಬಿಳಿ ಮುತ್ತಿನ ಸರ. ಹೊಸಬರು ಯಾರಾದರೂ ಬಂದರೆ ಸೆರಗು ಎಳೆದು ಅದನ್ನು ಮುಚ್ಚಿಕೊಳ್ಳುತ್ತಿದ್ದರು. ಯಾಕೆ ಅಂತ ನನಗೆ ಆಗ ಗೊತ್ತಾಗುತ್ತಿರಲಿಲ್ಲ.

ಮುತ್ತುಲಕ್ಷ್ಮಿ ಅವರಿಗೆ ಗೊತ್ತಿತ್ತು. ಅವರ ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. 1927ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಈ ಪದ್ಧತಿ ನಿಲ್ಲಬೇಕು ಅಂತ ಗೊತ್ತುವಳಿ ತಂದರು. ಆ ಸಭೆಯಲ್ಲಿ ಕೂತ ಮೊದಲ ಹೆಣ್ಣುಮಗಳು ಅವರೇ. ಆಗ ಬಳ್ಳಾರಿ ಮದ್ರಾಸಿನ ಜಿಲ್ಲೆ, ನೆನಪಿದೆಯಲ್ಲ? 1953ರಲ್ಲಿ ತಾನೇ ನಾವು ಮೈಸೂರಿಗೆ ಸೇರಿದ್ದು. ಅಂದರೆ ಅವರು ಮಾತಾಡಿದ್ದು ನಮ್ಮ ಓಣಿಯ ಅಜ್ಜಿಯಂಥವರ ಪರವಾಗಿಯೂ ಹೌದು.

ವಿರೋಧ ಜಾಸ್ತಿಯೇ ಇತ್ತು. ತಾವೂ ದೇವದಾಸಿ ಮನೆತನದವರಾದ ಬೆಂಗಳೂರು ನಾಗರತ್ನಮ್ಮನವರಂಥ ದೊಡ್ಡ ಗಾಯಕಿಯೇ ಎದುರು ನಿಂತರು. ಅವರ ಸಂಕಟವನ್ನು ನಾನು ಸುಮ್ನೆ ತಳ್ಳಿಹಾಕಲಾರೆ. ಅದು ಕಲೆಯ ಪ್ರಶ್ನೆ, ಅನ್ನದ ಪ್ರಶ್ನೆಯೂ ಆಗಿತ್ತು. ಅದಕ್ಕೇ ದೇವಸ್ಥಾನಗಳ ಕಾನೂನಿಗೆ 1929ರಲ್ಲಿ ಆದ ತಿದ್ದುಪಡಿ ನನಗೆ ದೊಡ್ಡದಾಗಿ ಕಾಣುತ್ತದೆ. ದೇವಸ್ಥಾನದ ಸೇವೆ ಬಿಟ್ಟರೂ ಆ ಸೇವೆಗೆಂದು ಕೊಟ್ಟಿದ್ದ ಇನಾಂ ಭೂಮಿ ಆ ಹೆಣ್ಣುಮಕ್ಕಳ ಕೈ ತಪ್ಪಬಾರದು ಅಂತ ಕಾನೂನಾಯಿತು. ಪದ್ಧತಿ ಬಿಡಿ ಅನ್ನುವವರು ಬಹಳ ಜನ. ಬಿಟ್ಟ ಮೇಲೆ ಒಲೆ ಹೇಗೆ ಉರಿಯಬೇಕು ಅಂತ ಯೋಚಿಸಿದವರು ಇವರು. ಮುಂದೆ, ಹಾಗೆ ಬಿಟ್ಟು ಬಂದ ಹುಡುಗಿಯರಿಗಾಗಿ ಅವ್ವೈ ಇಲ್ಲಂ ಎಂಬ ಆಶ್ರಯಮನೆ ಕಟ್ಟಿದರು.

ಮದ್ರಾಸಿನ ಅಡ್ಯಾರಿನಲ್ಲಿ ಅವರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆಯ ವಿಷಯ ಹೋದ ಸಂಚಿಕೆಯಲ್ಲೇ ಬಂದಿದೆ. ತಂಗಿಯನ್ನು ಆ ರೋಗಕ್ಕೆ ಕಳಕೊಂಡ ಡಾಕ್ಟರು 1954ರಲ್ಲಿ 12 ಹಾಸಿಗೆಯಿಂದ ಶುರು ಮಾಡಿದ್ದು ಅದು.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡಬಾರದು ಅನ್ನೋ ಮದ್ರಾಸ್ ಕಾನೂನು ಬಂದಿದ್ದು 1947ರ ಅಕ್ಟೋಬರಿನಲ್ಲಿ. ನಿಮ್ಮ ಸಿರುಗುಪ್ಪಕ್ಕೆ ಅದು ಬಂತು. ತುಂಗಭದ್ರೆ ದಾಟಿದರೆ ಸಿಂಧನೂರು, ಆಗ ನಿಜಾಮರ ಸೀಮೆ, ಅಲ್ಲಿಗೆ ಬರಲಿಲ್ಲ. ಈ ದಡದಲ್ಲಿ ತಪ್ಪು, ಆ ದಡದಲ್ಲಿ ಪದ್ಧತಿ. ಕರ್ನಾಟಕ ತನ್ನದೇ ಕಾನೂನು ಮಾಡಿದ್ದು 1982ರಲ್ಲಿ. ನಮ್ಮ ಅಜ್ಜಿಯ ಪಾಲಿಗೆ ಎರಡೂ ತಡವಾಗಿತ್ತು.

ಗುರುಗಳೇ, ತಲೆಬರಹದ ತಿದ್ದುಪಡಿ ಈ ಸಂಚಿಕೆಯಲ್ಲೇ ಇದೆ. ನೀವೂ ಒಂದು ಕೆಲಸ ಮಾಡಿ. ಆ ರಿಜಿಸ್ಟರಿನ ಕಾಲಂನಲ್ಲಿ ನೀವು ಏನು ಬರೆಯುತ್ತಿದ್ದಿರಿ, ಆ ತಾಯಂದಿರು ಏನು ಹೇಳುತ್ತಿದ್ದರು, ನೆನಪಿದ್ದಷ್ಟು ಬರೆದು ಕಳಿಸಿ. ಯಾರ ಹೆಸರೂ ಬೇಡ.

– ಸಂ.