ಬೆರಳಿನ ಅಳತೆಯೂ ದೊಡ್ಡಪ್ಪನ ಕಾಯಿಲೆಯೂ

ಓದುಗರ ಪತ್ರ: ನನಗೆ 48 ವರ್ಷ. ತೋರುಬೆರಳು ಉಂಗುರ ಬೆರಳಿಗಿಂತ ಗಿಡ್ಡ ಇರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಜಾಸ್ತಿ ಎಂದು ಓದಿದೆ. ಸ್ಕೇಲಿಟ್ಟು ಅಳೆದೆ. ತೋರುಬೆರಳು 70 ಮಿ.ಮೀ., ಉಂಗುರ ಬೆರಳು 73. ತಾಯಿಯ ಹೊಟ್ಟೆಯಲ್ಲೇ ನನಗೆ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಜಾಸ್ತಿ ಸಿಕ್ಕಿದೆ ಅಂತ ತಾನೆ ಇದರ ಅರ್ಥ? ಅಂದಿನಿಂದ ನಿದ್ದೆ ಇಲ್ಲ. ಹೆಸರು ಹಾಕಬೇಡಿ. (ನಮ್ಮ ದೊಡ್ಡಪ್ಪನಿಗೂ ಪ್ರಾಸ್ಟೇಟ್ ತೊಂದರೆ ಇತ್ತಂತೆ.)

ಸಂಪಾದಕರ ಉತ್ತರ: ಮೊದಲು ಆ ಸ್ಕೇಲನ್ನು ಒಳಗಿಡಿ. ನೀವು ಓದಿದ್ದು ಕಟ್ಟುಕತೆಯಲ್ಲ, ಆದರೆ ಬರೆದವರು ಅದನ್ನು ತಲೆಕೆಳಗು ಮಾಡಿದ್ದಾರೆ.

ಬ್ರಿಟನ್ನಿನ ಸಂಶೋಧಕರು ಪ್ರಾಸ್ಟೇಟ್ ಕ್ಯಾನ್ಸರ್ ಬಂದ ಸುಮಾರು 1,500 ಗಂಡಸರಿಗೂ ಆ ಕಾಯಿಲೆ ಇಲ್ಲದ ಸುಮಾರು 3,000 ಮಂದಿಗೂ ಕೈಯ ಚಿತ್ರಗಳನ್ನು ತೋರಿಸಿ, ನಿಮ್ಮ ಕೈ ಯಾವುದನ್ನು ಹೋಲುತ್ತದೆ ಎಂದು ಕೇಳಿದರು. ತೋರುಬೆರಳು ಉದ್ದ ಇದೆ ಎಂದವರಲ್ಲಿ ಕ್ಯಾನ್ಸರ್ ಸುಮಾರು ಮೂರನೇ ಒಂದು ಪಾಲು ಕಡಿಮೆ ಕಂಡಿತು. 2010ರ ಕೊನೆಗೆ ಬಂದ ಸುದ್ದಿ ಇಷ್ಟೇ. ಅದೇ ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡಸರ ತೋರುಬೆರಳು ಗಿಡ್ಡವೇ ಇತ್ತು. ಅಂದರೆ ನೀವಿರುವುದು ದೊಡ್ಡ ಗುಂಪಿನಲ್ಲಿ. ನಿಮ್ಮ ಅಪಾಯವೂ ಎಲ್ಲರಿಗಿರುವಷ್ಟೇ. ಮೆಲ್ಬರ್ನ್‌ನಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ ಒಟ್ಟಾರೆ ನಂಟೇ ಕಾಣಲಿಲ್ಲ. 60ಕ್ಕೆ ಮುಂಚೆ ಬರುವ ಕ್ಯಾನ್ಸರ್‌ನಲ್ಲಿ ಮಾತ್ರ ಸಣ್ಣ ಸುಳಿವು ಸಿಕ್ಕಿತು.

ಇನ್ನು ನಿಮ್ಮ ಅಳತೆ. ಸಂಶೋಧಕರು ಲೆಕ್ಕ ಹಾಕುವುದು ತೋರುಬೆರಳಿನ ಉದ್ದವನ್ನು ಉಂಗುರ ಬೆರಳಿನ ಉದ್ದದಿಂದ ಭಾಗಿಸಿ. 70ನ್ನು 73ರಿಂದ ಭಾಗಿಸಿದರೆ 0.96. ಎರಡೂ ಬೆರಳಲ್ಲಿ ಒಂದೊಂದು ಮಿಲಿಮೀಟರ್ ತಪ್ಪಿ 71, 72 ಆಗಿದ್ದರೆ? 0.99. ಗಂಡಸರ ಮತ್ತು ಹೆಂಗಸರ ಸರಾಸರಿಗೆ ಇರುವ ಅಂತರವೇ ಸುಮಾರು 0.02! ಅಳೆಯಬೇಕಾದದ್ದು ಅಂಗೈ ಕಡೆಯಿಂದ, ಬೆರಳಿನ ಬುಡದ ಗೆರೆಯಿಂದ ತುದಿಯವರೆಗೆ, ಉಗುರು ಬಿಟ್ಟು. ಬುಡದಲ್ಲಿ ಕೆಲವರಿಗೆ ಎರಡು ಗೆರೆ ಇರುತ್ತವೆ, ಅಂಗೈಗೆ ಹತ್ತಿರ ಇರುವುದನ್ನು ಹಿಡಿಯಬೇಕು. ಕೈಯನ್ನು ಜೆರಾಕ್ಸ್ ಗಾಜಿನ ಮೇಲೆ ಒತ್ತಿ ಅಳೆದರೂ ಲೆಕ್ಕ ಬದಲಾಗುತ್ತದೆ.

ಹೊಟ್ಟೆಯೊಳಗಿನ ಹಾರ್ಮೋನಿಗೂ ಬೆರಳಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2011ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ಇಲಿಮರಿಗಳ ಮೇಲೆ ಪ್ರಯೋಗ ಮಾಡಿದರು. ಭ್ರೂಣದಲ್ಲೇ ಟೆಸ್ಟೋಸ್ಟಿರಾನ್ ಕೆಲಸ ಮಾಡದಂತೆ ತಡೆದಾಗ ನಾಲ್ಕನೇ ಬೆರಳು, ಅಂದರೆ ನಮ್ಮ ಉಂಗುರ ಬೆರಳಿನ ಜಾಗದ್ದು, ಗಿಡ್ಡವಾಯಿತು. ಆದರೆ ಮನುಷ್ಯರಲ್ಲಿ ಕತೆ ಇಷ್ಟು ಸಲೀಸಲ್ಲ. ಟೆಸ್ಟೋಸ್ಟಿರಾನ್‌ಗೆ ದೇಹ ಸ್ವಲ್ಪವೂ ಸ್ಪಂದಿಸದ ಒಂದು ಅಪರೂಪದ ಹುಟ್ಟುಸ್ಥಿತಿ ಇದೆ. ಬೆರಳಿನ ಉದ್ದವನ್ನು ಆ ಹಾರ್ಮೋನೇ ನಿರ್ಧರಿಸುವುದಾದರೆ, ಇವರೆಲ್ಲರ ಅಳತೆ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು, ಅಲ್ವಾ? ಇಲ್ಲ. ಉಳಿದವರಲ್ಲಿ ಎಷ್ಟು ವ್ಯತ್ಯಾಸವೋ ಇವರಲ್ಲೂ ಅಷ್ಟೇ. ನನ್ನ ಮಟ್ಟಿಗೆ ಇಡೀ ವಾದ ಸಡಿಲವಾಗುವುದು ಇಲ್ಲೇ. ಬೆರಳು ನೋಡಿ ಒಬ್ಬ ವ್ಯಕ್ತಿಯ ಹುಟ್ಟುವ ಮುಂಚಿನ ಹಾರ್ಮೋನು ಲೆಕ್ಕ ಹೇಳುವುದು ಹಸ್ತಸಾಮುದ್ರಿಕೆಯ ಪಕ್ಕದ ಮನೆ.

ಹಾಗಂತ ಗರ್ಭದಲ್ಲಿ ಸಿಕ್ಕ ಹಾರ್ಮೋನು ಮುಂದೆ ಕ್ಯಾನ್ಸರ್ ತಂದ ನಿಜವಾದ ಪ್ರಕರಣ ಇಲ್ಲವೇ? ಇದೆ. ಗರ್ಭಪಾತ ತಡೆಯಲೆಂದು ಬಸುರಿಯರಿಗೆ ಕೊಡುತ್ತಿದ್ದ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ (ಹೆಣ್ಣು ಹಾರ್ಮೋನು). ಬಾಸ್ಟನ್‌ನಲ್ಲಿ ಹರೆಯದ ಹುಡುಗಿಯರಿಗೆ ಯೋನಿಯ ಅಪರೂಪದ ಕ್ಯಾನ್ಸರ್ ಬಂದಾಗ ವೈದ್ಯ ಆರ್ಥರ್ ಹರ್ಬ್‌ಸ್ಟ್ ಮತ್ತು ಸಂಗಡಿಗರು ಅದರ ಜಾಡು ಹಿಡಿದರು. ಎಂಟು ಜನರಲ್ಲಿ ಏಳು ಜನರ ತಾಯಂದಿರು ಈ ಔಷಧಿ ತಗೊಂಡಿದ್ದರು. 1971ರಲ್ಲಿ ವಿಷಯ ಹೊರಬಿತ್ತು. ಅವರು ಯಾರ ಬೆರಳನ್ನೂ ಅಳೆಯಲಿಲ್ಲ. ತಾಯಂದಿರನ್ನು ಕೂರಿಸಿ ವಿಚಾರಿಸಿದರು.

ನೀವೂ ಮನೆಯಲ್ಲೇ ವಿಚಾರಿಸಬೇಕು. ಬೆರಳಿಗೇ ಇಡೀ ಪತ್ರ ಬರೆದು, ದೊಡ್ಡಪ್ಪನನ್ನು ಕೊನೆಗೆ ಬ್ರಾಕೆಟ್ಟಿನಲ್ಲಿ ಹಾಕಿದ್ದೀರಿ! ನಿಮ್ಮ ಪತ್ರದಲ್ಲಿ ಡಾಕ್ಟರಿಗೆ ಬೇಕಾದ ಸಾಲು ಅದೊಂದೇ. ದೊಡ್ಡಪ್ಪನಿಗಿದ್ದದ್ದು ಕ್ಯಾನ್ಸರೋ, ವಯಸ್ಸಾದವರಿಗೆ ಬರುವ ಬರೀ ಪ್ರಾಸ್ಟೇಟ್ ಊತವೋ? ಎರಡೂ ಬೇರೆ ಬೇರೆ. ಕ್ಯಾನ್ಸರೇ ಆಗಿದ್ದರೆ ಎಷ್ಟನೇ ವಯಸ್ಸಿಗೆ ಬಂತು? ತಂದೆಗೆ, ಅಣ್ಣತಮ್ಮಂದಿರಿಗೆ ಬಂದಿದೆಯೇ? ಅವರಿಗೆ ಬಂದಿದ್ದರೆ ಅದರ ತೂಕ ಇನ್ನೂ ಜಾಸ್ತಿ. ಮನೆತನದ ಹೆಂಗಸರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ಹೇಳಿ, ತಾಯಿಯ ಕಡೆಯದೂ ಸೇರಿಸಿ. ಈ ಕ್ಯಾನ್ಸರ್‌ಗಳ ಜೊತೆಗೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುವ ಬಿಆರ್‌ಸಿಎ2 ಜೀನಿನ ದೋಷ ತಂದೆ ತಾಯಿ ಇಬ್ಬರಲ್ಲಿ ಯಾರ ಕಡೆಯಿಂದಲೂ ಬರಬಹುದು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್ಎ ರಕ್ತಪರೀಕ್ಷೆ ಬೇಕೋ ಬೇಡವೋ ಎಂದು ಅವರೊಂದಿಗೆ ಕೂತು ತೀರ್ಮಾನಿಸಿ.